ಮನೇಲೇ ಆಟೋಮ್ಯಾಟಿಕ್ ಕಾಕ್‌ಟೇಲ್ ಮಷಿನ್: ಪಂಪ್ ಸರಿಯಿದ್ರೆ ಮುಕ್ಕಾಲು ಕೆಲ್ಸ ಮುಗೀತು

ಕಾಕ್‌ಟೇಲ್ ಮಷಿನ್ ಅಂದ ತಕ್ಷಣ ರೋಬೋ ಕೈ, ಟಚ್ ಸ್ಕ್ರೀನ್, ಬಣ್ಣಬಣ್ಣದ ಎಲ್‌ಇಡಿ ಅಂತೆಲ್ಲ ತಲೇಲಿ ಓಡುತ್ತೆ, ಅದನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ಒಳಗೆ ಇರೋದು ಬಾಟ್ಲಿಗೊಂದು ಪಂಪ್, ಯಾವ ಪಂಪ್ ಎಷ್ಟು ಸೆಕೆಂಡ್ ಓಡ್ಬೇಕು ಅಂತ ಲೆಕ್ಕ ಇಡೋ ಒಂದು ಆರ್ಡುಯಿನೋ (ನಾವು ಬರೆದ ಕೋಡ್ ಓಡಿಸೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್), ಅಷ್ಟೇ. ಎಣ್ಣೆ ಬೇಡ ಅನ್ನೋರು ಕೋಕಂ, ಶುಂಠಿ ಸಿರಪ್ ಇಟ್ಕೊಂಡು ಮಾಕ್‌ಟೇಲ್‌ಗೂ ಇದನ್ನೇ ಬಳಸ್ಬಹುದು.

ದುಡ್ಡು ಹಾಕೋದಾದ್ರೆ ಪಂಪ್ ಮೇಲೆ ಹಾಕಿ. ಅಕ್ವೇರಿಯಂಗೆ ಹಾಕೋ ಥರದ ಪುಟ್ಟ ಮುಳುಗೋ ಪಂಪ್ ಅಗ್ಗಕ್ಕೆ ಸಿಗುತ್ತೆ ನಿಜ, ಆದ್ರೆ ಕುಡಿಯೋದು ಅದರ ಪ್ಲಾಸ್ಟಿಕ್ ಫ್ಯಾನ್ ಸುತ್ಕೊಂಡು ಬರುತ್ತೆ, ಆಫ್ ಮಾಡಿದ್ಮೇಲೂ ಬಾಟ್ಲಿ ಮೇಲಿದ್ರೆ ತಾನಾಗೇ ಸುರೀತಾನೇ ಇರುತ್ತೆ. ಬೇಕಿರೋದು 12 ವೋಲ್ಟಿನ ಪೆರಿಸ್ಟಾಲ್ಟಿಕ್ ಪಂಪ್. ಚಿಕ್ಕವರಿದ್ದಾಗ ಐಸ್ ಪೆಪ್ಸಿನ ಬೆರಳಲ್ಲಿ ಒತ್ತಿ ಒತ್ತಿ ಮೇಲಕ್ಕೆ ತಳ್ತಿದ್ವಲ್ಲ, ಇದ್ರಲ್ಲಿ ರೋಲರ್‌ಗಳು ಟ್ಯೂಬನ್ನ ಹಾಗೇ ಒತ್ತುತ್ವೆ. ದ್ರವ ಟ್ಯೂಬ್ ಬಿಟ್ಟು ಬೇರೇನನ್ನೂ ಮುಟ್ಟಲ್ಲ, ನಿಂತಾಗ ರೋಲರ್ ಟ್ಯೂಬನ್ನ ಅದುಮಿಕೊಂಡೇ ಇರೋದ್ರಿಂದ ಸೋರೋದೂ ಇಲ್ಲ. ಟ್ಯೂಬ್ ಮಾತ್ರ ಫುಡ್ ಗ್ರೇಡ್ ಸಿಲಿಕೋನ್‌ದೇ ತಗೊಳ್ಳಿ, ಪಂಪ್ ಜೊತೆ ಬಂದಿರೋದು ಯಾವ್ದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಬದಲಾಯಿಸ್ಬಿಡಿ.

ನಾಲ್ಕು ಪಂಪ್‌ಗೆ 12 ವೋಲ್ಟ್ 5 ಆಂಪ್ ಅಡಾಪ್ಟರ್ ಆರಾಮಾಗಿ ಸಾಕು, ಆರ್ಡುಯಿನೋ ಪಿನ್‌ನಿಂದ ನೇರವಾಗಿ ಪಂಪ್ ಓಡಿಸೋಕೆ ಹೋಗ್ಬೇಡಿ ಸುಟ್ಟೋಗುತ್ತೆ, ನಡುವೆ 4 ಚಾನೆಲ್ ರಿಲೇ ಬೋರ್ಡ್ ಇರ್ಲಿ, ಅಂದ್ರೆ ಆರ್ಡುಯಿನೋ ಹೇಳಿದಾಗ ಪಂಪ್ ಆನ್ ಆಫ್ ಮಾಡೋ ನಾಲ್ಕು ಸ್ವಿಚ್. ಬೆಂಗಳೂರಿನೋರಿಗೆ ಎಸ್‌ಪಿ ರೋಡ್‌ನಲ್ಲಿ ಒಂದು ರೌಂಡ್ ಹೊಡೆದ್ರೆ ಬೋರ್ಡು, ಡಯೋಡು, ವೈರು ಎಲ್ಲ ಸಿಗುತ್ತೆ. ಪ್ರತಿ ಮೋಟರ್‌ಗೂ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಬಿಡಿಭಾಗ, ಮೋಟರ್ ಆಫ್ ಆದಾಗ ಏಳೋ ವೋಲ್ಟೇಜ್ ಹೊಡೆತ ತಡೆಯುತ್ತೆ), ಬೆಳ್ಳಿ ಗೆರೆ ಇರೋ ತುದಿ ಪ್ಲಸ್ ಕಡೆಗೆ. ಇನ್ನೊಂದು, ಈ ರಿಲೇ ಬೋರ್ಡ್‌ಗಳು ಹೆಚ್ಚಿನವು ಆರ್ಡುಯಿನೋ ಪಿನ್ ಲೋ (ಸೊನ್ನೆ ವೋಲ್ಟ್) ಆದಾಗ ಆನ್ ಆಗೋ ಥರದ್ದು, ಹಾಗಾಗಿ ಕೋಡ್‌ನಲ್ಲಿ ಮೊದ್ಲು ಪಿನ್‌ಗೆ ಹೈ ಬರೆದು ಆಮೇಲೆ ಔಟ್‌ಪುಟ್ ಮಾಡಿ, ಇಲ್ಲಾಂದ್ರೆ ಕರೆಂಟ್ ಕೊಟ್ಟ ಕೂಡ್ಲೇ ಎಲ್ಲಾ ಪಂಪೂ ಒಟ್ಟಿಗೆ ಶುರುವಾಗಿ ಟೇಬಲ್ ಮೇಲೆಲ್ಲ ವಿಸ್ಕಿ.

ಈಗ ಅಸಲಿ ಕೆಲ್ಸ, ಕ್ಯಾಲಿಬ್ರೇಷನ್, ಅಂದ್ರೆ ಪಂಪ್ ಎಷ್ಟು ಹೊತ್ತಿಗೆ ಎಷ್ಟು ಸುರಿಯುತ್ತೆ ಅಂತ ಅಳೆಯೋದು. ಟ್ಯೂಬ್ ಪೂರ್ತಿ ತುಂಬೋ ತನಕ ಪಂಪ್ ಓಡಿಸಿ, ಆಮೇಲೆ ಸರಿಯಾಗಿ 60 ಸೆಕೆಂಡ್ ಓಡಿಸಿ ಅಳತೆ ಜಾರ್‌ಗೆ ಹಿಡೀರಿ. 100 ಎಂಎಲ್ ಬಂತು ಅಂದ್ಕೊಳ್ಳಿ, ಆಗ ಸ್ಕ್ರೂಡ್ರೈವರ್ ಅನ್ನೋ ಕಾಕ್‌ಟೇಲ್‌ಗೆ ಬೇಕಾದ 50 ಎಂಎಲ್ ವೊಡ್ಕಾಗೆ 30 ಸೆಕೆಂಡ್, 100 ಎಂಎಲ್ ಕಿತ್ತಳೆ ಜ್ಯೂಸ್‌ಗೆ 60 ಸೆಕೆಂಡ್. ಒಂದಾದ್ಮೇಲೆ ಒಂದು ಓಡಿಸಿದ್ರೆ ಒಂದೂವರೆ ನಿಮಿಷ ಕಾಯ್ಬೇಕು, ಅದಕ್ಕೇ ಕೋಡ್‌ನಲ್ಲಿ ಎಲ್ಲಾ ನಿಲ್ಲಿಸಿ ಕಾಯಿಸೋ ಡಿಲೇ (delay) ಬಿಟ್ಟು, ಗಡಿಯಾರದ ಥರ ಟೈಮ್ ಹೇಳೋ ಮಿಲ್ಲಿಸ್ (millis) ಬಳಸಿ ಎರಡನ್ನೂ ಒಟ್ಟಿಗೆ ಶುರು ಮಾಡಿ, ಒಂದು ನಿಮಿಷದಲ್ಲಿ ಗ್ಲಾಸ್ ರೆಡಿ. ಪ್ರತಿ ಪಂಪನ್ನೂ ಅದರದ್ದೇ ಬಾಟ್ಲಿ ಹಾಕಿ ಅಳೀರಿ, ನೀರಲ್ಲಿ ಅಳೆದ ಲೆಕ್ಕ ಮಂದ ಸಕ್ಕರೆ ಪಾಕಕ್ಕೆ ನಡೆಯಲ್ಲ. ಅಡಿಗೆಮನೆ ತೂಕದ ಮಷಿನ್‌ನಲ್ಲಿ ಒಂದು ಗ್ರಾಂ ಅಂದ್ರೆ ಒಂದು ಎಂಎಲ್ ಅನ್ನೋದು ನೀರಿಗೆ ಮಾತ್ರ ಸರಿ, ಪಾಕ ಅದಕ್ಕಿಂತ ಭಾರ, ವೊಡ್ಕಾ ಹಗುರ.

ಸೋಡಾ, ಟಾನಿಕ್, ಕೋಲಾ ಯಾವ್ದನ್ನೂ ಪಂಪ್‌ಗೆ ಕೊಡ್ಬೇಡಿ. ಗ್ಯಾಸ್ ಬಿಟ್ಕೊಂಡು ಟ್ಯೂಬ್ ತುಂಬ ಗುಳ್ಳೆ ಆಗುತ್ತೆ, ಅಳತೆನೂ ಹೋಯ್ತು, ಗ್ಲಾಸಿಗೆ ಬರೋ ಹೊತ್ತಿಗೆ ಸಪ್ಪೆ, ಅದನ್ನ ಕೊನೇಲಿ ಕೈಯಲ್ಲೇ ಹಾಕ್ಕೊಳ್ಳಿ. ನಿಂಬೆರಸ, ಕಿತ್ತಳೆ ಜ್ಯೂಸನ್ನ ಸಣ್ಣ ಜರಡೀಲಿ ಸೋಸಿ, ಒಂದು ಬೀಜದ ಚೂರು ಸಾಕು ಟ್ಯೂಬ್ ಕಟ್ಕೊಳ್ಳೋಕೆ.

ಡಬ್ಬಕ್ಕೆ ಪ್ಲೈವುಡ್ ಆದ್ರೂ ಸರಿ, ಹಳೇ ಶೂ ರ‍್ಯಾಕ್ ಆದ್ರೂ ಸರಿ. ಬೋರ್ಡ್ ಮಾತ್ರ ಬಾಟ್ಲಿಗಳಿಗಿಂತ ಮೇಲಿರ್ಲಿ, ಅಡಾಪ್ಟರ್ ಡಬ್ಬದಾಚೆ. ರಿಲೇ ಒಳಗೆ ಕಿಡಿ ಹಾರುತ್ತೆ, ಆಲ್ಕೋಹಾಲ್ ಆವಿ ಹತ್ಕೊಳ್ಳೋ ವಸ್ತು, ಅದ್ಕೇ ಹಿಂದ್ಗಡೆ ಗಾಳಿಯಾಡೋಕೆ ತೂತು ಬಿಡಿ.

ಪಾರ್ಟಿ ಮುಗಿದ ರಾತ್ರೀನೇ ಎಲ್ಲಾ ಟ್ಯೂಬನ್ನೂ ಬಿಸಿನೀರಿನ ಪಾತ್ರೆಗೆ ಬಿಟ್ಟು ಒಂದೆರಡು ನಿಮಿಷ ಓಡಿಸಿ, ಆಮೇಲೆ ಖಾಲಿ ಓಡಿಸಿ ನೀರು ಹೊರಗೆ ಹಾಕಿ. ಇದಕ್ಕೇ ಒಂದು ಬಟನ್ ಇಟ್ಬಿಡಿ. ನಾಳೆ ಮಾಡೋಣ ಅಂತ ಬಿಟ್ರೆ ಪಾಕ ಒಣಗಿ ಟ್ಯೂಬ್ ಒಳಗೇ ಅಂಟ್ಕೊಳ್ಳುತ್ತೆ, ಆಮೇಲೆ ಟ್ಯೂಬ್ ಕಿತ್ತು ಎಸೆಯೋದೇ.