ಆಪ್ಟ್‌ನಲ್ಲಿ ಹಾಕುವುದು ಸುಲಭ, ತೆಗೆಯುವಾಗ ಪಟ್ಟಿ ಓದಿ

ಲಿನಕ್ಸ್ ಬಗೆಗಳಾದ ಉಬುಂಟು ಇರಲಿ, ಡೆಬಿಯನ್ ಇರಲಿ, ತಂತ್ರಾಂಶ ಹಾಕಲು ತೆಗೆಯಲು ನಾನು ಬಳಸುವುದು ಟರ್ಮಿನಲ್ಲಿನ (ಆದೇಶ ಟೈಪ್ ಮಾಡುವ ಕಿಟಕಿಯ) ‘ಆಪ್ಟ್’. ಹೊಸ ಕಂಪ್ಯೂಟರಿಗೆ ಮೊದಲು ಬೇಕಾಗುವುದು ಕನ್ನಡದ ಫಾಂಟು ಮತ್ತು ಕೀಲಿಮಣೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ (ಸುಡೊ ಎಂದರೆ ನಿರ್ವಾಹಕರ ಅಧಿಕಾರದಲ್ಲಿ ನಡೆಸು ಎಂದು). ಇದರಿಂದ ಯಾವ ತಂತ್ರಾಂಶವೂ ಹೊಸದಾಗುವುದಿಲ್ಲ. ಸರ್ವರಿನಲ್ಲಿ ಯಾವ ಪ್ಯಾಕೇಜಿನ (ತಂತ್ರಾಂಶದ ಕಟ್ಟಿನ) ಯಾವ ಆವೃತ್ತಿ ಇದೆ ಎಂಬ ಪಟ್ಟಿ ಮಾತ್ರ ಇಳಿಯುತ್ತದೆ. ಇದನ್ನು ಬಿಟ್ಟರೆ ಎಷ್ಟೋ ಸಲ 404 ದೋಷ ಬರುತ್ತದೆ. ನಿಮ್ಮ ಹಳೆಯ ಪಟ್ಟಿಯಲ್ಲಿರುವ ಕಡತ ಸರ್ವರಿನಲ್ಲಿ ಈಗ ಇರುವುದಿಲ್ಲ, ಅಷ್ಟೇ ಕಾರಣ. ಆಮೇಲೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ ಐಬಸ್-ಎಂ17ಎನ್’. ಮೊದಲಿನದು ಫಾಂಟಿಗೆ, ಎರಡನೆಯದು ಕೀಲಿಮಣೆಗೆ. ಫಾಂಟ್ ಬಂತೇ ಎಂದು ನೋಡಲು ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’. ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲಿ ಕಾಣದಿದ್ದರೆ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಫಾಂಟ್ಸ್-ಕೆಎನ್‌ಡಿಎ ಒಳಗೆ ಫಾಂಟೇ ಇಲ್ಲ. ಅದು ಬರೀ ಹೊದಿಕೆ. ಲೋಹಿತ್, ಗುಬ್ಬಿ, ನವಿಲು ಎಂಬ ಫಾಂಟುಗಳನ್ನು ಎಳೆದುಕೊಂಡು ಬರುವುದಷ್ಟೇ ಅದರ ಕೆಲಸ. ತೊಂದರೆ ಶುರುವಾಗುವುದೇ ಇಲ್ಲಿ. ಲೋಹಿತ್ ಒಂದೇ ಬೇಡ ಎಂದು ‘ರಿಮೂವ್’ ಕೊಟ್ಟರೆ, ಅದನ್ನು ನೆಚ್ಚಿಕೊಂಡ ಹೊದಿಕೆಯೂ ಜೊತೆಗೆ ಹೋಗುತ್ತದೆ. ಹೊದಿಕೆ ಹೋದರೆ ಗುಬ್ಬಿ, ನವಿಲು ‘ಯಾರಿಗೂ ಬೇಡವಾದವು’ ಎಂಬ ಲೆಕ್ಕಕ್ಕೆ ಸೇರಬಹುದು. ಮುಂದೆಂದೋ ಇಂಥವನ್ನು ಗುಡಿಸಿಹಾಕುವ ‘ಆಟೋರಿಮೂವ್’ ಕೊಟ್ಟಾಗ ಅವೂ ಮಾಯ. ಉಳಿಸಿಕೊಳ್ಳಬೇಕಾದವನ್ನು ‘ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಫಾಂಟ್ಸ್-ಗುಬ್ಬಿ ಫಾಂಟ್ಸ್-ನವಿಲು’ ಎಂದು ಗುರುತು ಮಾಡಿದರೆ ಆಟೋರಿಮೂವ್ ಅವನ್ನು ಮುಟ್ಟುವುದಿಲ್ಲ.

ಆದ್ದರಿಂದ ತೆಗೆಯುವ ಮುನ್ನ ಯಾವಾಗಲೂ ‘ಆಪ್ಟ್ -ಎಸ್ ರಿಮೂವ್’ ಎಂದು ಹೆಸರು ಕೊಟ್ಟು ನೋಡುತ್ತೇನೆ. ಏನೇನು ಹೋಗುತ್ತದೆ ಎಂದು ತೋರಿಸುತ್ತದೆ, ಏನನ್ನೂ ಮಾಡುವುದಿಲ್ಲ. ಸುಡೊ ಕೂಡ ಬೇಡ. ‘ರಿಮೂವ್ಡ್’ ಎಂದು ದೊಡ್ಡಕ್ಷರದಲ್ಲಿ ಬರುವ ಸಾಲಿನ ಕೆಳಗೆ ಡೆಸ್ಕ್‌ಟಾಪ್, ಕರ್ನಲ್, ನೆಟ್‌ವರ್ಕ್ ಮ್ಯಾನೇಜರ್ ಇಂಥ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ. ಹಾಕುವಾಗ ‘-ವೈ’ (ಕೇಳದೆಯೇ ‘ಹೌದು’ ಎಂದುಕೊಂಡು ಮುಂದುವರಿ ಎಂದು) ಸೇರಿಸಿದರೆ ನಡೆದೀತು. ತೆಗೆಯುವಾಗ ಖಂಡಿತ ಬೇಡ.

ರಿಮೂವ್ ಮಾಡಿದರೂ ‘ಇಟಿಸಿ’ ಫೋಲ್ಡರಿನಲ್ಲಿನ ಕಾನ್ಫಿಗ್ (ಸೆಟ್ಟಿಂಗ್ಸ್ ಇರುವ) ಕಡತಗಳು ಉಳಿಯುತ್ತವೆ. ಆಪ್ಟ್‌ನ ಅಡಿಯಲ್ಲಿ ಕೆಲಸ ಮಾಡುವ ಡಿಪಿಕೆಜಿ ಕೊಡುವ ‘ಡಿಪಿಕೆಜಿ -ಎಲ್’ ಪಟ್ಟಿಯಲ್ಲಿ ಸಾಲಿನ ಮೊದಲಿಗೆ ‘ಆರ್‌ಸಿ’ ಎಂದಿರುವವು ಇಂಥವೇ. ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಕಾನ್ಫಿಗ್ ಕೆಡಿಸಿಕೊಂಡವರು ರಿಮೂವ್ ಮಾಡಿ ಮತ್ತೆ ಹಾಕುತ್ತಾರೆ, ಅದೇ ದೋಷ ಮತ್ತೆ ಬರುತ್ತದೆ, ಏಕೆಂದರೆ ಕೆಟ್ಟ ಕಡತ ಹೋಗಿರಲೇ ಇಲ್ಲ. ಅಲ್ಲಿ ಬೇಕಾದ್ದು ಕಾನ್ಫಿಗ್ ಸಮೇತ ತೆಗೆಯುವ ‘ಪರ್ಜ್’. ಡೇಟಾಬೇಸ್ ಸರ್ವರನ್ನು ಪರ್ಜ್ ಮಾಡುವುದಾದರೆ ಮೊದಲು ಬ್ಯಾಕಪ್ ತೆಗೆಯಿರಿ, ದತ್ತಾಂಶವೂ ಅಳಿದೀತು. ನಿಮ್ಮ ಹೋಮ್ ಫೋಲ್ಡರಿನ ಅಡಗು ಕಡತಗಳನ್ನು ಮಾತ್ರ ಪರ್ಜ್ ಕೂಡ ಮುಟ್ಟುವುದಿಲ್ಲ. ಅವನ್ನು ಕೈಯಾರೆ ಅಳಿಸಬೇಕು.

‘ಲಾಕ್ ಸಿಗಲಿಲ್ಲ’ ಎಂಬ ದೋಷ ಬಂದರೆ ಲಾಕ್ ಕಡತ (ಒಮ್ಮೆಗೆ ಒಂದೇ ಕೆಲಸ ನಡೆಯಲಿ ಎಂದು ಇಟ್ಟ ಬೀಗ) ಅಳಿಸಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಹುತೇಕ ಸಲ ಹಿನ್ನೆಲೆಯಲ್ಲಿ ಸ್ವಯಂಚಾಲಿತ ಅಪ್‌ಗ್ರೇಡ್ ನಡೆಯುತ್ತಿರುತ್ತದೆ. ಕೆಲವು ನಿಮಿಷ ಕಾಯಿರಿ. ಎರಡು ಕೆಲಸಗಳು ಏಕಕಾಲಕ್ಕೆ ಬರೆದರೆ ಡಿಪಿಕೆಜಿಯ ಲೆಕ್ಕದ ಪುಸ್ತಕವೇ ಕೆಟ್ಟೀತು. ನಡುವೆ ಕರೆಂಟು ಹೋಗಿ ಕೆಲಸ ಅರ್ಧಕ್ಕೆ ನಿಂತಿದ್ದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಅದಾದ ಮೇಲೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’, ಇದೇ ಕ್ರಮದಲ್ಲಿ.

ಅಷ್ಟಾದರೂ ಬೇಕಾದ್ದೇನೋ ಹೋಗಿಬಿಟ್ಟಿದ್ದರೆ ‘/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್’ ತೆರೆಯಿರಿ. ಯಾವ ಹೊತ್ತಿಗೆ ಯಾವ ಆದೇಶ ಕೊಟ್ಟಿರಿ, ಏನೇನು ಹೋಯಿತು ಎಂಬುದೆಲ್ಲ ಆವೃತ್ತಿ ಸಮೇತ ಅಲ್ಲಿರುತ್ತದೆ. ಆ ಸಾಲಿನ ಹೆಸರುಗಳನ್ನೇ ಎತ್ತಿಕೊಂಡು ಮತ್ತೆ ಇನ್‌ಸ್ಟಾಲ್ ಕೊಡಿ.