ಆರ್ವೆಲ್‌ನ ಆ ಕೊಳ ನನಗೆ ಸಿಕ್ಕಿದ್ದು 46ನೇ ವಯಸ್ಸಿನಲ್ಲಿ

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಅಂದರೆ ನನಗೆ ಎರಡೇ ಪುಸ್ತಕ: 'ಅನಿಮಲ್ ಫಾರ್ಮ್' ಮತ್ತು '1984'. ಕಾಲೇಜಿನಲ್ಲೇ ಓದಿ, ಆರ್ವೆಲ್ ಮುಗಿಯಿತು ಅಂದುಕೊಂಡಿದ್ದೆ. ಹೋದ ವರ್ಷ, 46ನೇ ವಯಸ್ಸಿನಲ್ಲಿ, ಆತನ 'ಕಮಿಂಗ್ ಅಪ್ ಫಾರ್ ಏರ್' ಕೈಗೆ ಬಂತು. ಆ ಎರಡಕ್ಕಿಂತ ಮೊದಲೇ, 1939ರಲ್ಲಿ ಬಂದ ಕಾದಂಬರಿ.

ಕಥೆ ಹೇಳುವವನು ಜಾರ್ಜ್ ಬೌಲಿಂಗ್. 45 ವರ್ಷ, ದಪ್ಪ ಮೈ, ಇನ್ಶೂರೆನ್ಸ್ ಕೆಲಸ, ಹೆಂಡತಿ, ಇಬ್ಬರು ಮಕ್ಕಳು. ಹೊಸ ಹಲ್ಲಿನ ಸೆಟ್ ತರಲು ಹೊರಟ ದಿನ ಕಥೆ ಶುರು.

ಮೊದಲ ಸಲ ಅರ್ಧಕ್ಕೇ ಬಿಟ್ಟೆ. ಎರಡನೇ ಭಾಗ ಬಹುಪಾಲು ಅವನ ಬಾಲ್ಯ. ಲೋವರ್ ಬಿನ್‌ಫೀಲ್ಡ್ ಎಂಬ ಪುಟ್ಟ ಊರು, ಅಪ್ಪನ ಬೀಜದ ಅಂಗಡಿ, ಮೀನು, ಮತ್ತೆ ಮೀನು. ನಾನು '1984'ರ ವೇಗವನ್ನು ಇಲ್ಲೂ ಹುಡುಕುತ್ತಿದ್ದೆ. ತಪ್ಪಾಗಿದ್ದು ಅಲ್ಲೇ.

ಎರಡನೇ ಸಲ ಓದುವ ರೀತಿ ಬದಲಾಯಿಸಿದೆ. ರಾತ್ರಿ ಊಟ ಆದಮೇಲೆ ಒಂದೇ ಅಧ್ಯಾಯ, ಅದೂ ಜೋರಾಗಿ. ಬೌಲಿಂಗ್ ಎದುರು ಕೂತು ಮಾತಾಡುವಂಥವನು. ಅವನ ಮಾತು ಕಿವಿಗೆ ಬಿದ್ದರೇ ರುಚಿ. ಟೆಂಚ್, ರೋಚ್, ಪರ್ಚ್, ಡೇಸ್ ಅಂತ ಮೀನಿನ ಹೆಸರು ಬಂದಾಗಲೆಲ್ಲ ಡಿಕ್ಷನರಿ ತೆಗೆಯುವುದನ್ನೂ ಬಿಟ್ಟೆ. ಆ ಹೆಸರು ಹೇಳುವಾಗ ಅವನಿಗಾಗುವ ಖುಷಿ ಸಾಕಿತ್ತು.

ಹಾಗೆ ಓದುವಾಗ ಆ ಕೊಳ ಬಂತು. ಬಿನ್‌ಫೀಲ್ಡ್ ಹೌಸ್ ಎಂಬ ದೊಡ್ಡ ಮನೆಯ ಹಿಂದೆ, ಮರಗಳ ಮರೆಯಲ್ಲಿ, ಯಾರೂ ಸುಳಿಯದ ನೀರು. ಒಳಗೆ ಭಾರೀ ಕಾರ್ಪ್ ಮೀನುಗಳು. ಹುಡುಗನ ಹತ್ತಿರ ಅವಕ್ಕೆ ತಡೆಯುವಂಥ ಗಾಳ ಇಲ್ಲ. ಗಟ್ಟಿ ಗಾಳ ತಂದು ಮತ್ತೆ ಬರಬೇಕು ಅಂದುಕೊಳ್ಳುತ್ತಾನೆ. ಬರುವುದೇ ಇಲ್ಲ. ಶಾಲೆ ಬಿಡಬೇಕಾಗುತ್ತದೆ. ಆಮೇಲೆ ಕೆಲಸ, ಯುದ್ಧ, ಮದುವೆ.

ಅಲ್ಲಿಗೆ ನನ್ನ ದನಿ ನಿಂತಿತು. ಸಾಗರದ ಸೋದರಮಾವ ಶರಾವತಿ ಹಿನ್ನೀರಿನಲ್ಲಿ ಗಾಳ ಹಾಕೋಣ ಬಾ ಅಂತ ಪ್ರತಿ ವರ್ಷ ಕರೆಯುತ್ತಿದ್ದರು. ಮುಂದಿನ ರಜೆಗೆ ಬರ್ತೀನಿ ಮಾವ ಅನ್ನುತ್ತಿದ್ದೆ.

ಬೌಲಿಂಗ್ ಕೊನೆಗೆ ಲೋವರ್ ಬಿನ್‌ಫೀಲ್ಡ್‌ಗೆ ಹೋಗುತ್ತಾನೆ. ಕುದುರೆ ಜೂಜಿನಲ್ಲಿ ಗೆದ್ದ 17 ಪೌಂಡನ್ನು ಹೆಂಡತಿಗೆ ಹೇಳದೆ ಬಚ್ಚಿಟ್ಟಿರುತ್ತಾನೆ, ಆ ದುಡ್ಡಲ್ಲೇ ಹೊರಡುತ್ತಾನೆ. ಊರಿನ ಗುರುತೇ ಸಿಗುವುದಿಲ್ಲ. ಕೊಳದ ನೀರು ಬಸಿದು, ಅದನ್ನು ಕಸದ ಗುಂಡಿ ಮಾಡಿದ್ದಾರೆ.

ಒಂದು ತಕರಾರು ನನಗಿದೆ. ಹೆಂಡತಿ ಹಿಲ್ಡಾಳ ಮನೆಯವರು ಇಂಡಿಯಾದಲ್ಲಿದ್ದು ಇಂಗ್ಲೆಂಡಿಗೆ ಮರಳಿದವರು. ಅವಳೂ ಏನೋ ಬಿಟ್ಟು ಬಂದಿರಬೇಕು, ಅಲ್ವಾ? ಗಂಡನ ಕಣ್ಣಿಗೆ ಅದು ಕಾಣುವುದೇ ಇಲ್ಲ.

ಮಾವನಿಗೀಗ 78. ಫೋನ್ ಮಾಡಿ ಆ ಕೊಳದ ಅಧ್ಯಾಯವನ್ನು ಕನ್ನಡದಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಎಂತ ಎರೆ ಹಾಕಿದ್ನೋ ಆ ಹುಡುಗ?" ಅಂದರು.

"ಗಾಳವನ್ನೇ ಹಾಕಲಿಲ್ಲ ಮಾವ" ಅಂದೆ.