ನೆರೆದೇಶಕ್ಕೆ ಆಹಾರ ನೆರವು: ಹಡಗು ಹೊರಡುವ ಮುನ್ನ ಆಗಬೇಕಾದ ಕೆಲಸ

ಹೊರದೇಶಕ್ಕೆ ಆಹಾರ ಕಳುಹಿಸುವಾಗ ಅಕ್ಕಿ ಹೊಂದಿಸುವುದಕ್ಕಿಂತ, ಅದನ್ನು ಅಲ್ಲಿ ಯಾರು ಪಡೆದು ಯಾರಿಗೆ ಹಂಚಬೇಕೆಂದು ತೀರ್ಮಾನಿಸುವುದೇ ಕಠಿಣ. ಆರ್ಥಿಕ ಕುಸಿತದಲ್ಲಿ ಸಿಲುಕಿದ್ದ ಶ್ರೀಲಂಕಾಕ್ಕೆ ತಮಿಳುನಾಡು 2022ರಲ್ಲಿ ನೀಡಿದ ನೆರವನ್ನು ಗಮನಿಸಿದರೆ ಈ ಕೆಲಸದ ಕ್ರಮ ತಿಳಿಯುತ್ತದೆ.

ಮೊದಲು ಅನುಮತಿ. ವಿದೇಶಾಂಗ ವ್ಯವಹಾರ ಕೇಂದ್ರದ ಅಧಿಕಾರಕ್ಕೆ ಸೇರಿರುವುದರಿಂದ ರಾಜ್ಯವಾಗಲಿ ಸಂಘಸಂಸ್ಥೆಯಾಗಲಿ ಮತ್ತೊಂದು ಸರ್ಕಾರದೊಂದಿಗೆ ತಾನಾಗಿಯೇ ವ್ಯವಹರಿಸಲಾಗದು. ಹೀಗಾಗಿ ತಮಿಳುನಾಡು ವಿಧಾನಸಭೆ ಏಪ್ರಿಲ್ 29ರಂದು ನಿರ್ಣಯ ಅಂಗೀಕರಿಸಿ ಕೇಂದ್ರದ ಒಪ್ಪಿಗೆ ಕೋರಿತು. ನೆರವು ಅಲ್ಲಿನ ತಮಿಳರಿಗೆ ಮಾತ್ರವಲ್ಲ, ಸಂಕಷ್ಟದಲ್ಲಿರುವ ಎಲ್ಲರಿಗೂ ಎಂಬುದು ಆಗಲೇ ಸ್ಪಷ್ಟವಾಗಿತ್ತು. ಜನಾಂಗೀಯ ಯುದ್ಧ ಕಂಡ ದೇಶದಲ್ಲಿ ಇದನ್ನು ಹಡಗು ತಲುಪಿದ ಮೇಲೆ ನಿರ್ಧರಿಸುತ್ತೇವೆ ಎಂದರೆ ನಡೆಯುವುದಿಲ್ಲ.

ನಂತರ ಪಟ್ಟಿ. 40,000 ಟನ್ ಅಕ್ಕಿ, 500 ಟನ್ ಹಾಲಿನ ಪುಡಿ ಮತ್ತು ಜೀವರಕ್ಷಕ ಔಷಧಿ ಎಂದು ಸರ್ಕಾರ ಪಟ್ಟಿಯನ್ನು ಚಿಕ್ಕದಾಗಿಟ್ಟಿತು. ಸಾರ್ವಜನಿಕರು ಕೊಡುವುದನ್ನು ಹಣದ ರೂಪದಲ್ಲೇ ಪಡೆಯುವುದು ಲೇಸು. ಮನೆಮನೆಯಿಂದ ಬಂದ ಬಗೆಬಗೆಯ ಪೊಟ್ಟಣಗಳನ್ನು ವಿಂಗಡಿಸಿ, ಗುಣಮಟ್ಟ ಪರೀಕ್ಷಿಸಿ, ಸುಂಕ ಇಲಾಖೆಯ ಕಾಗದಪತ್ರ ಸಿದ್ಧಪಡಿಸುವಷ್ಟರಲ್ಲಿ ಹಸಿದವರು ಕಾಯುತ್ತಲೇ ಇರಬೇಕಾಗುತ್ತದೆ. ಒಂದೇ ಕಡೆ ಸಗಟಾಗಿ ಕೊಂಡರೆ ಬೆಲೆಯೂ ಕಡಿಮೆ, ಲೆಕ್ಕವೂ ಸಲೀಸು. ಉದಾರಿಗಳಿಗೆ ಈ ಮಾತು ಹಿಡಿಸದಿರಬಹುದು, ಆದರೂ ಮೊದಲೇ ಹೇಳಿಬಿಡಬೇಕು.

ಮೂರನೆಯದು ಹಸ್ತಾಂತರ. 9,000 ಟನ್ ಅಕ್ಕಿ, 200 ಟನ್ ಹಾಲಿನ ಪುಡಿ ಮತ್ತು ಔಷಧಿ ಹೊತ್ತ ಮೊದಲ ಹಡಗು ಮೇ 18ರಂದು ಚೆನ್ನೈನಿಂದ ಹೊರಟಿತು. ಕೊಲಂಬೊದಲ್ಲಿ ಭಾರತದ ಹೈಕಮಿಷನರ್ ಅದನ್ನು ಅಲ್ಲಿನ ವಿದೇಶಾಂಗ ಸಚಿವರಿಗೆ ಒಪ್ಪಿಸಿದರು. ಅಂದರೆ ಸಂಗ್ರಹ ರಾಜ್ಯದ್ದು, ಒಪ್ಪಿಸುವ ಹೊಣೆ ಕೇಂದ್ರದ್ದು, ಹಂಚಿಕೆಯ ಹೊಣೆ ನೆರವು ಪಡೆದ ದೇಶದ್ದು.

ಪಡೆಯುವ ದೇಶದ ಆಡಳಿತಕ್ಕೆ ನಮ್ಮ ಮಾನ್ಯತೆಯೇ ಇಲ್ಲದಿದ್ದರೆ ಈ ದಾರಿ ಮುಚ್ಚುತ್ತದೆ. ತಾಲಿಬಾನ್ ಹಿಡಿತದ ಅಫ್ಗಾನಿಸ್ತಾನಕ್ಕೆ 50,000 ಟನ್ ಗೋಧಿ ಕೊಡಲು ಮುಂದಾದ ಭಾರತ, ಅದೇ ಕಾರಣದಿಂದ ಹಂಚಿಕೆಯ ಹೊಣೆಯನ್ನು ವಿಶ್ವಸಂಸ್ಥೆಯ ಅಂಗವಾದ ವಿಶ್ವ ಆಹಾರ ಕಾರ್ಯಕ್ರಮಕ್ಕೆ ವಹಿಸಿತು. ಪಾಕಿಸ್ತಾನದ ಮೂಲಕ ಸಾಗಲು ಅನುಮತಿ ಪಡೆಯುವುದಕ್ಕೇ ತಿಂಗಳುಗಳು ಹಿಡಿದವು. ಮೊದಲ 2,500 ಟನ್ ಹೊತ್ತ ಅಫ್ಗಾನ್ ಲಾರಿಗಳು ಪಂಜಾಬಿನ ಗಡಿ ಠಾಣೆ ಅಟಾರಿಯನ್ನು ಬಿಟ್ಟದ್ದು 2022ರ ಫೆಬ್ರುವರಿ 22ರಂದು. ಆದ್ದರಿಂದ ಬದಲಿ ಮಾರ್ಗವನ್ನೂ ಯೋಜನೆಯಲ್ಲೇ ಸೇರಿಸಿಡಬೇಕು. 2023ರಲ್ಲಿ ಮತ್ತೆ 20,000 ಟನ್ ಗೋಧಿ ಘೋಷಿಸಿದಾಗ ಭಾರತ ಪಾಕಿಸ್ತಾನದ ದಾರಿಯ ಬದಲು ಇರಾನಿನ ಚಾಬಹಾರ್ ಬಂದರನ್ನು ಆಯ್ದುಕೊಂಡಿತು.